ಹಳ್ಳದ ಕಡೆಯಿಂದ ಬಂದ ನೀರು

ಮೃಣ್ಮಯಿ ಜಮಖಂಡಿಯವಳು. ಮುಧೋಳ ತಾಲ್ಲೂಕಿನ ಹೊಳೆನಂದಿಹಾಳದ ಸರ್ಕಾರಿ ಪ್ರೌಢಶಾಲೆಗೆ ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ಬಂದಿದ್ದಳು. ಬೆಳಿಗ್ಗೆ ಮುಧೋಳದವರೆಗೆ ಒಂದು ಬಸ್ಸು, ಅಲ್ಲಿಂದ ಊರಿಗೆ ಇನ್ನೊಂದು. ಎರಡನೆಯದರಲ್ಲಿ ಸೀಟು ಸಿಕ್ಕ ದಿನ ಪಾಠ ಚೆನ್ನಾಗಿ ಆಗುತ್ತದೆ ಎಂದು ಅವಳೇ ನಗುತ್ತ ಹೇಳುತ್ತಿದ್ದಳು. ಮಕ್ಕಳು ಅವಳನ್ನು ಅಕ್ಕೋರು ಎಂದು ಕರೆಯುತ್ತಿದ್ದರು.

ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಗ್ರಾಮ ಪಂಚಾಯ್ತಿಯ ಪಾಠ ನಡೆದಿತ್ತು. ಪಂಚಾಯ್ತಿಯ ಕರ್ತವ್ಯಗಳನ್ನು ಅವಳು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಹಿಂದಿನಿಂದ ಶೈಲಾ ಎದ್ದು ನಿಂತಳು. ಊರಿನ ಬೀರಪ್ಪನ ಗುಡಿಯ ಹತ್ತಿರದ ಕುರುಬರ ಓಣಿಯ ಹುಡುಗಿ. ಮಾತು ಕಡಿಮೆ, ಆದರೆ ಕೇಳಿದರೆ ಬಿಡುವವಳಲ್ಲ.

"ಅಕ್ಕೋರ, ಹೊಳಿ ಬರಾಕತ್ತೈತಿ ಅಂತ ನಮಗ ಯಾರ ಹೇಳ್ತಾರ್ರಿ?"

"ಪಂಚಾಯ್ತಿಯವರು ಹೇಳ್ತಾರ. ತಹಶೀಲ್ದಾರ ಆಫೀಸಿನಿಂದ ಅವರಿಗೆ ಸುದ್ದಿ ಬರ್ತದ."

"ಹತ್ತೊಂಬತ್ತರಾಗ ಹೇಳಿದ್ರಂತ್ರಿ. ಆದ್ರ ನೀರ ಅದಕ್ಕಿಂತ ಮೊದಲ ಬಂದಿತ್ತಂತ."

ಮೃಣ್ಮಯಿ ಸುಣ್ಣದ ಕಡ್ಡಿ ಕೆಳಗಿಟ್ಟಳು. ೨೦೧೯ರಲ್ಲಿ ಘಟಪ್ರಭಾ ಉಕ್ಕಿದಾಗ ಈ ಮಕ್ಕಳೆಲ್ಲ ಪ್ರಾಥಮಿಕ ಶಾಲೆಯಲ್ಲಿದ್ದರು. ಒಬ್ಬೊಬ್ಬರಿಗೆ ಒಂದೊಂದು ನೆನಪು. ಒಬ್ಬನಿಗೆ ಟ್ರ್ಯಾಕ್ಟರಿನ ಮೇಲೆ ಕೂತು ಹೋದದ್ದು, ಇನ್ನೊಬ್ಬಳಿಗೆ ತೇಲಿಹೋದ ಪುಸ್ತಕದ ಚೀಲ. ಆದರೆ ನೀರು ಯಾವ ದಾರಿಯಿಂದ ಬಂತು, ಮೊದಲು ಯಾರ ಮನೆಗೆ ಹೊಕ್ಕಿತು ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

"ಹಂಗಾದ್ರ ಕೇಳ್ಕೊಂಡು ಬರೂಣು ನಡೀರಿ" ಎಂದಳು.

ಆ ಚಳಿಗಾಲದಲ್ಲಿ ಶನಿವಾರ ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳು ಓಣಿ ಓಣಿ ತಿರುಗಿದರು. ಗೋಡೆಯ ಮೇಲೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಮನೆಯವರು ಕೈಯಿಟ್ಟು ತೋರಿಸುತ್ತಿದ್ದರು, ಹುಡುಗರು ಅಲ್ಲಿ ಕೆಂಪು ಬಣ್ಣದ ಗೆರೆ ಎಳೆಯುತ್ತಿದ್ದರು. ಕೆಲವರಿಗೆ ಇದು ತಮಾಷೆ. "ಓಟಿಗಿ ನಿಂತೀರೇನಲೇ, ಗ್ವಾಡಿಗಿ ಬಣ್ಣಾ ಹಚ್ಚಾಕತ್ತೀರಿ?" ಎಂದು ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು. ಗೆರೆ ತಮ್ಮ ತಲೆಗಿಂತ ಮೇಲೆ ಬಂದ ಕಡೆ ಮಾತ್ರ ಹುಡುಗರೇ ಕತ್ತೆತ್ತಿ ಅದನ್ನು ನೋಡುತ್ತ ನಿಂತುಬಿಡುತ್ತಿದ್ದರು.

ಹೊಳೆ ಓಣಿಯ ಕೊನೆಯ ಮನೆ ಗುರುಬಾಯಿಯದು. ಒಂಟಿ ಮುದುಕಿ, ಒಂದು ಎಮ್ಮೆ, ಹಿತ್ತಲಲ್ಲಿ ನಾಲ್ಕು ಬದನೆ ಗಿಡ. ಅವಳು ಮಕ್ಕಳಿಗೆ ಗೋಡೆ ತೋರಿಸಲಿಲ್ಲ. ದನದ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಗೂಟ ತೋರಿಸಿದಳು.

"ಎಲ್ಲಾರೂ ಹೊಳಿ ನೋಡ್ಕೊಂತ ದಂಡಿ ಮ್ಯಾಲೆ ನಿಂತಿದ್ವಿ. ಹೊಳಿ ಮುಂದಿಂದ ಬರಲಿಲ್ಲವ್ವಾ, ಹಿಂದಿಂದ ಬಂತು. ಹಳ್ಳದಾಗಿಂದ ತಿರುವಿಕೊಂಡ ಬಂತು. ಓಡಿ ಬರೂದ್ರಾಗ ಕೊಟಗ್ಯಾಗ ಎದಿ ಮಟ್ಟ ನೀರು. ಹಗ್ಗ ತೊಯ್ದ ಬಿಗದಿತ್ತು. ಬಿಚ್ಚಾಕ ಆಗಲೇ ಇಲ್ಲ. ಈ ಬೆರಳಿಲೆ ಜಗ್ಗೇ ಜಗ್ಗಿದೆ. ಆಗಿನ ಎಮ್ಮಿ ನನ್ನ ಮಾರಿ ನೋಡ್ಕೊಂತ ಮುಳುಗಿತು."

ಹಾಲೇಶ ಎಂಬ ಹುಡುಗ, ತರಗತಿಯಲ್ಲಿ ಎಲ್ಲರನ್ನೂ ನಗಿಸುವವನು, ಗೂಟವನ್ನು ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ.

"ನೀವು ಏನರ ಬರೀತಿದ್ರ ಇದನ್ನ ಬರೀರಿ. ಮೊದಲ ದನಾ ಬಿಚ್ಚಬೇಕು. ಸಾಮಾನ ಹಾಳಾಗಿ ಹೋಗಲಿ" ಎಂದು ಗುರುಬಾಯಿ ಒಳಗೆ ಹೋಗಿ ಎಲ್ಲರಿಗೂ ಹುರಿದ ಶೇಂಗಾ ತಂದುಕೊಟ್ಟಳು.

ಊರಿನ ಎಷ್ಟೋ ಮನೆಗಳಲ್ಲಿ ಇದೇ ಮಾತು ಬೇರೆ ಬೇರೆ ಬಾಯಲ್ಲಿ ಬಂತು. ಹೊಳೆ ತುಂಬಿದಾಗ ಹಳ್ಳದ ನೀರಿಗೆ ಹೋಗಲು ದಾರಿಯಿಲ್ಲ. ಅದು ಹಿಂದಕ್ಕೆ ಒತ್ತುತ್ತದೆ, ಮೊದಲು ಮುಧೋಳದ ರಸ್ತೆಯ ಸೇತುವೆ ಮುಚ್ಚುತ್ತದೆ, ಆಮೇಲೆ ಬೆನ್ನ ಕಡೆಯಿಂದ ಊರಿಗೆ ನುಗ್ಗುತ್ತದೆ. ಮುಳುಗದೆ ಉಳಿಯುವುದು ಬೀರಪ್ಪನ ಗುಡಿಯ ದಿಬ್ಬ ಒಂದೇ. ಮಕ್ಕಳು ಇದನ್ನೆಲ್ಲ ದೊಡ್ಡ ನಕ್ಷೆ ಮಾಡಿ ಶಾಲೆಯ ಗೋಡೆಗೆ ಹಚ್ಚಿದರು. ಹಳ್ಳದ ಸೇತುವೆಯ ಪಕ್ಕದ ಕರೆಂಟಿನ ಕಂಬಕ್ಕೆ ಕೆಂಪಿನ ಕೆಳಗೆ ಒಂದು ಹಳದಿ ಗೆರೆಯನ್ನೂ ಎಳೆದರು. ನೀರು ಹಳದಿ ಮುಟ್ಟಿದರೆ ಊರು ಏಳಬೇಕು. ಆದರೆ ಊರನ್ನು ಎಬ್ಬಿಸುವುದು ಹೇಗೆ? ನೆರೆ ಬಂದಾಗ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ಮೊಬೈಲಿನ ನೆಟ್‌ವರ್ಕು.

ಶೈಲಾಳ ಮುತ್ಯಾ ಕಾಮಣ್ಣ ಊರಿನ ಡೊಳ್ಳಿನ ಮೇಳದ ಹಿರಿಯ. ಮಗ ಕುರಿ ಹಿಂಡು ಹೊಡೆದುಕೊಂಡು ಬೀಳಗಿ ಕಡೆಯ ಎತ್ತರದ ಸೀಮೆಗೆ ಹೋಗಿರುತ್ತಿದ್ದ. ಕಾಮಣ್ಣ ಮನೆ, ಗುಡಿ ನೋಡಿಕೊಂಡು ಇರುತ್ತಿದ್ದ. ಮೊಮ್ಮಗಳು ಒಂದು ಸಂಜೆ ಕೇಳಿಯೇಬಿಟ್ಟಳು.

"ಮುತ್ಯಾ, ಹೊಳಿ ಬಂದಾಗ ಡೊಳ್ಳ ಹೊಡದ್ರ ಇಡೀ ಊರಿಗಿ ಕೇಳತೈತಿ."

"ಡೊಳ್ಳು ಬೀರಪ್ಪಂದು. ಅದೇನ ಸೈರನ್ ಅಲ್ಲ."

ಮರುದಿನ ಶೈಲಾ ಇದನ್ನು ಶಾಲೆಯಲ್ಲಿ ಹೇಳಿದಾಗ ಮೃಣ್ಮಯಿ, "ಅವರು ಹೇಳೂದು ಖರೆ ಅದ. ಒತ್ತಾಯ ಮಾಡಬ್ಯಾಡ" ಎಂದಳು. ಪಂಚಾಯ್ತಿಯನ್ನು ಬ್ಯಾಟರಿಯ ಧ್ವನಿವರ್ಧಕ ಕೇಳೋಣ ಎಂದು ಎಲ್ಲರೂ ಒಪ್ಪಿದರು.

ಮಕ್ಕಳ ಗ್ರಾಮ ಸಭೆ ಪಂಚಾಯ್ತಿ ಕಟ್ಟಡದ ಮುಂದಿನ ಶಾಮಿಯಾನಾದಲ್ಲಿ ನಡೆಯಿತು. ಪ್ರತಿ ವರ್ಷ ಒಂದು ಭಾಷಣ, ಒಂದು ಬಿಸ್ಕೀಟು ಪೊಟ್ಟಣದಲ್ಲಿ ಮುಗಿಯುತ್ತಿದ್ದ ಸಭೆ. ಈ ಸಲ ಮಕ್ಕಳು ನಕ್ಷೆ ಹಿಡಿದು ಬಂದಿದ್ದರು. ಅಧ್ಯಕ್ಷ ಹೊಳಬಸಪ್ಪ ಒಳ್ಳೆಯ ಮನುಷ್ಯ, ಸದಾ ಅವಸರದಲ್ಲಿರುವವನು. ಶೈಲಾ ನಕ್ಷೆಯ ಮೇಲೆ ಬೆರಳಿಟ್ಟು ಶುರು ಮಾಡಿದಳು. ಸೇತುವೆಯ ಪೈಪುಗಳಿಗೆ ಅಡ್ಡಲಾಗಿ ಬೆಳೆದ ಜಾಲಿ ತೆಗೆಸಬೇಕು. ದಿಬ್ಬದ ಮೇಲೆ ದನಗಳಿಗೆ ಜಾಗ ಬೇಕು, ಮೇವಿಗೆ ಒಂದು ಜೋಳದ ಕಣಿಕೆಯ ಬಣವೆ ಅಲ್ಲಿಯೇ ಇರಬೇಕು, ಮನೆಗೊಂದು ಹೊರೆಯಂತೆ ಸುಗ್ಗಿಯಲ್ಲಿ ಎಲ್ಲರೂ ಕೊಡಲಿ. ಕೊನೆಗೆ ಧ್ವನಿವರ್ಧಕ.

"ಜಾಲಿ ನಾಳೆನೇ ತಗಸ್ತೇನಿ. ಬಣವಿ ಒಟ್ಟಾಕ ನಂದೇನ ಅಡ್ಡಿ ಐತ್ವಾ, ಮೊದಲ್ನೇ ಹೊರಿ ನಂದ ಬರ್ಕೋರಿ" ಎಂದ ಹೊಳಬಸಪ್ಪ. "ಆ ಸ್ಪೀಕರಿಂದು ಮುಂದಿನ ವರ್ಷಕ್ಕ ನೋಡೂಣು. ಈ ಸಲದ ಕ್ರಿಯಾ ಯೋಜನೆ ಮುಗದೈತಿ."

ಶಾಮಿಯಾನಾದ ಅಂಚಿನಲ್ಲಿ ಕಂಬಳಿ ಹೊದ್ದು ನಿಂತಿದ್ದ ಕಾಮಣ್ಣ ಗಂಟಲು ಸರಿಮಾಡಿಕೊಂಡ.

"ಅಧ್ಯಕ್ಷರ, ಮುಂದಿನ ವರ್ಷ ಅಂತ ಹೊಳಿಗಿ ಹೇಳಿ ಬಂದೀರೇನ?"

ಎಲ್ಲರೂ ನಕ್ಕರು. ಹೊಳಬಸಪ್ಪನೂ ನಕ್ಕ. ಕಾಮಣ್ಣ ನಗಲಿಲ್ಲ. "ಮೊನ್ನೆ ಸೋಮವಾರ ಬೀರಪ್ಪಗ ಹೂವ ಹಚ್ಚಿ ಕೇಳೇನಿ. ಬಲಕ್ಕ ಕೊಟ್ಟಾನ, ಒಪ್ಪ್ಯಾನ. ಡೊಳ್ಳು ಐತಿ. ಹುಡುಗೂರು ಕಲೀಲಿ. ಆದ್ರ ಮೊದಲ ದೇವರ ಬಡತ ಕಲೀಬೇಕು, ಆಮ್ಯಾಗ ಹೊಳಿದು."

ಮೊಮ್ಮಗಳು ಅಜ್ಜನ ಕಡೆ ನೋಡಿದಳು. ಅವನು ಅವಳ ಕಡೆ ನೋಡಲಿಲ್ಲ.

ಬೇಸಿಗೆಯೆಲ್ಲ ಸಂಜೆ ದಿಬ್ಬದ ಮೇಲೆ ಡೊಳ್ಳು ಕೇಳಿಸುತ್ತಿತ್ತು. ಹುಡುಗಿಯರಿಗೆ ಕಲಿಸುವುದೋ ಬೇಡವೋ ಎಂದು ಮೇಳದಲ್ಲಿ ಒಂದಿಷ್ಟು ಗುಸುಗುಸು ನಡೆಯಿತು. "ಹೊಳಿ ಹೆಣ್ಣಮಕ್ಕಳ ಮನಿ ಬಿಟ್ಟ ಹೋಗತೈತೇನ?" ಎಂದು ಕಾಮಣ್ಣ ಆ ಮಾತನ್ನು ಅಲ್ಲಿಗೇ ಮುಗಿಸಿದ. ಹೊಳೆಯ ಬಡಿತವನ್ನು ಅವನೇ ಕಟ್ಟಿದ. ಹಬ್ಬದ ಯಾವ ಬಡಿತಕ್ಕೂ ಹೋಲದಂತೆ, ಕೇಳಿದವರು ಕುಣಿಯಬಾರದು, ಎದ್ದು ನಡೆಯಬೇಕು ಎನ್ನುವಂತೆ. ಮೃಣ್ಮಯಿಯೂ ಒಮ್ಮೆ ಡೊಳ್ಳು ಕೊರಳಿಗೆ ಹಾಕಿಕೊಂಡು ನೋಡಿದಳು. ಭಾರಕ್ಕೆ ಮುಗ್ಗರಿಸಿದ್ದನ್ನು ನೋಡಿ ಮಕ್ಕಳು ನಕ್ಕಿದ್ದೇ ನಕ್ಕಿದ್ದು.

ಮಳೆಗಾಲ ಬಂತು. ಜುಲೈ ಕೊನೆಯಲ್ಲಿ ಬೆಳಗಾವಿಯಾಚೆಯ ಘಟ್ಟದಲ್ಲಿ ಎಡೆಬಿಡದ ಮಳೆ. ಹೊಳೆನಂದಿಹಾಳದಲ್ಲಿ ಬರೀ ಜಿನುಗು, ಅಂಗಳ ತೊಯ್ಯುವಷ್ಟೂ ಇಲ್ಲ. ಹೊಳೆ ಮಾತ್ರ ದಿನದಿಂದ ದಿನಕ್ಕೆ ಕೆಂಪಾಗಿ ಕಬ್ಬಿನ ಹೊಲಗಳಿಗೆ ಏರುತ್ತಿತ್ತು. ನಾಳೆ ಬೆಳಿಗ್ಗೆಯ ಹೊತ್ತಿಗೆ ನೀರು ಹೆಚ್ಚಬಹುದು, ಎಚ್ಚರಿಕೆಯಿಂದಿರಿ ಎಂದು ಒಂದು ದಿನ ಪಂಚಾಯ್ತಿಗೆ ಸುದ್ದಿ ಬಂದಿತ್ತು. ಹೆಡ್‌ಮಾಸ್ತರು ಸಭೆಗೆಂದು ಮುಧೋಳಕ್ಕೆ ಹೋಗಿದ್ದರು.

ಮಧ್ಯಾಹ್ನದ ಬಿಸಿಯೂಟ ಮುಗಿಯುತ್ತಿದ್ದಾಗ ಹಾಲೇಶ ಏದುಸಿರು ಬಿಡುತ್ತ ಬಂದ. ಹಳ್ಳದ ಕಂಬ ನೋಡಿ ಬರುವುದು ಆ ವಾರ ಅವನ ಪಾಳಿ.

"ಅಕ್ಕೋರ, ಹಳದಿ ದಾಟೇತ್ರಿ. ಹಳ್ಳ ಹಿಂದಕ್ಕ ಹರಿಯಾಕತ್ತೈತ್ರಿ!"

ಮೃಣ್ಮಯಿ ಪಂಚಾಯ್ತಿಗೆ ಫೋನು ಹಚ್ಚಿದಳು. ಹತ್ತಲಿಲ್ಲ. ಮತ್ತೆ ಹಚ್ಚಿದಳು. ನಾಳೆ ಎಂದಿದ್ದಾರೆ. ಈಗ ಡೊಳ್ಳು ಹೊಡೆಸಿ, ನೀರು ಬರದಿದ್ದರೆ? ದೇವರ ಡೊಳ್ಳನ್ನು ಹುಡುಗರ ಆಟಕ್ಕೆ ಕೊಟ್ಟ ಎಂದು ಊರು ಕಾಮಣ್ಣನಿಗೆ ಅನ್ನುತ್ತದೆ. ಮುಂದಿನ ಸಲ ಯಾರೂ ಏಳುವುದಿಲ್ಲ. ಹೊಡೆಸದೆ ನೀರು ಬಂದರೆ? ಆ ಪ್ರಶ್ನೆಯನ್ನು ಅವಳು ಪೂರ್ತಿ ಯೋಚಿಸಲಿಲ್ಲ. ಸಣ್ಣ ತರಗತಿಯ ಮಕ್ಕಳನ್ನು ಇನ್ನೊಬ್ಬ ಶಿಕ್ಷಕರ ಜೊತೆ ದಿಬ್ಬಕ್ಕೆ ಕಳಿಸಿ, ಹಾಲೇಶ ಮತ್ತು ಶೈಲಾಳನ್ನು ಕರೆದುಕೊಂಡು ಗುಡಿಯ ಕಡೆ ಓಡಿದಳು.

ಕಾಮಣ್ಣ ಗುಡಿಯ ಕಟ್ಟೆಯ ಮೇಲೆ ಉಣ್ಣೆ ಹಿಂಜುತ್ತ ಕೂತಿದ್ದ.

"ಕಾಮಣ್ಣಾ, ನಾಳೆ ಬರ್ತದಂತ ಪಂಚಾಯ್ತಿಯೊಳಗ ಹೇಳ್ಯಾರ. ಆದ್ರ ಹಾಲೇಶ..."

ಅವನು ಕೈಯೆತ್ತಿ ತಡೆದ. ಹುಡುಗನ ಕಡೆ ತಿರುಗಿದ.

"ನೀ ನೋಡೀಯೇನಲೇ? ನಿನ್ನ ಕಣ್ಣಿಲೆ?"

"ಹೌದ್ರಿ ಮುತ್ಯಾ."

"ಆತು."

ಅಷ್ಟೇ. ಡೊಳ್ಳು ಇಳಿಸಿ, ಬೀರಪ್ಪನಿಗೆ ಕೈಮುಗಿದು, ಕೊರಳಿಗೆ ಹಾಕಿಕೊಂಡು ಇಳಿದೇಬಿಟ್ಟ. ಶೈಲಾ ಇನ್ನೊಂದು ಡೊಳ್ಳು ಹಾಕಿಕೊಂಡಳು. ದೊಡ್ಡ ಮಕ್ಕಳು ತಾವು ಹಂಚಿಕೊಂಡಿದ್ದ ಓಣಿಗಳಿಗೆ ಓಡಿದರು. ಬೇಸಿಗೆಯಲ್ಲಿ ಕೇಳಿದ್ದ ಆ ವಿಚಿತ್ರ ಬಡಿತ ಈಗ ಗೋಡೆಗಳ ನಡುವೆ ಹಾದು ಬಂದಾಗ ಊಟಕ್ಕೆ ಕೂತವರು ತಾಟು ಬಿಟ್ಟು ಹೊರಗೆ ಬಂದರು.

"ನಾಳಿ ಅಂತ ಹೇಳ್ಯಾರಲೇ!" ಎಂದು ಯಾರೋ ಕೂಗಿದರು.

"ಹಳ್ಳಾ ನೋಡ್ರಿ, ಹಳ್ಳಾ!" ಎಂದು ಮಕ್ಕಳು ತಿರುಗಿ ಕೂಗಿದರು. "ಮೊದಲ ದನಾ ಬಿಚ್ಚ್ರಿ!"

ಹೊಳಬಸಪ್ಪ ಬೈಕಿನ ಮೇಲೆ ಸಿಟ್ಟಿನಿಂದಲೇ ಬಂದ. ಊರನ್ನೆಲ್ಲ ಹೆದರಿಸಬೇಡಿ ಎನ್ನುವ ಮಾತು ಅರ್ಧಕ್ಕೇ ನಿಂತಿತು. ಹಿಂದೆ ಹಳ್ಳದ ಕಡೆಯ ಹೊಲದಲ್ಲಿ ನೀರು ಹೊಳೆಯುತ್ತ ಸದ್ದಿಲ್ಲದೆ ಹರಡುತ್ತಿತ್ತು. ಅವನು ಬೈಕು ತಿರುಗಿಸಿದ. ಸಂಜೆಯವರೆಗೂ ಮುದುಕರನ್ನು, ಬಾಣಂತಿಯರನ್ನು ಹಿಂದೆ ಕೂರಿಸಿಕೊಂಡು ದಿಬ್ಬಕ್ಕೆ ಹತ್ತಿ ಇಳಿದ. ಅವನ ದನಿ ಪೂರ್ತಿ ಬಿದ್ದುಹೋಗಿತ್ತು.

ಹೊಳೆ ಓಣಿ ಖಾಲಿಯಾಯಿತೇ ಎಂದು ನೋಡಲು ಹೋದ ಶೈಲಾಳಿಗೆ ಗುರುಬಾಯಿಯ ಮನೆಯಲ್ಲಿ ಯಾರೂ ಕಾಣಲಿಲ್ಲ. ಗೂಟದಲ್ಲಿ ಎಮ್ಮೆಯೂ ಇರಲಿಲ್ಲ. ಆದರೆ ಎರಡು ಮನೆ ಈಚೆ ಮುದುಕಿಯ ಬೈಗುಳ ಕೇಳಿಸಿತು. ಆ ಮನೆಯವರು ಆಸ್ಪತ್ರೆಗೆಂದು ಬಾಗಲಕೋಟೆಗೆ ಹೋಗಿದ್ದರು. ಅವರ ಹಸು ಕರುವನ್ನು ಗುರುಬಾಯಿ ಬಿಚ್ಚುತ್ತಿದ್ದಳು. ಓಣಿಯಲ್ಲಿ ಆಗಲೇ ಮೊಣಕಾಲು ನೀರು.

"ಆಯಿ, ನಡಿ ಬೇ! ಎಲ್ಲಾರೂ ಹೋದ್ರು!"

"ಇದೊಂದ ಗಂಟು ಬಿಚ್ಚಿ ಬರ್ತೇನಿ. ನೀ ಹೋಗು."

ಶೈಲಾ ಹೋಗಲಿಲ್ಲ. ಹಲ್ಲಿನಿಂದ ಕಚ್ಚಿ ಗಂಟು ಸಡಿಲಿಸಿದಳು. ಹಸು ಕರುವನ್ನು ಮುಂದೆ ಬಿಟ್ಟುಕೊಂಡು ಹೊರಬಂದಾಗ ನೀರಿಗೆ ಸೆಳವು ಬಂದಿತ್ತು. ಮುದುಕಿಯ ಕಾಲು ಜಾರಿತು. ಹುಡುಗಿ ಒಂದು ಕೈಯಲ್ಲಿ ಅವಳ ರಟ್ಟೆ, ಇನ್ನೊಂದರಲ್ಲಿ ಓಣಿಯ ಬಾಯಿಯಲ್ಲಿ ಕಾಯುತ್ತ ನಿಂತಿದ್ದ ಗುರುಬಾಯಿಯ ಎಮ್ಮೆಯ ಬಾಲ ಹಿಡಿದಳು. ಎಮ್ಮೆ ಮೂಗು ಮೇಲೆತ್ತಿಕೊಂಡು ನಿಧಾನವಾಗಿ, ದಿನವೂ ಹೋಗುವ ದಾರಿಯಲ್ಲಿ ಹೋದಂತೆ ಇಬ್ಬರನ್ನೂ ಎಳೆದುಕೊಂಡು ದಿಬ್ಬದ ಏರಿಗೆ ತಂದು ಬಿಟ್ಟಿತು.

ಏರಿನಲ್ಲಿ ಕಾಯುತ್ತಿದ್ದ ಮೃಣ್ಮಯಿ ಇಬ್ಬರನ್ನೂ ಅಪ್ಪಿಕೊಂಡಳು. ಗುರುಬಾಯಿ ಕೆಸರಿನ ಕೈಯನ್ನು ಹುಡುಗಿಯ ಕೆನ್ನೆಗೆ ಸವರಿ, "ಈ ಸಲ ಒಂದೂ ಬಿಡಲಿಲ್ಲವ್ವಾ" ಎಂದಳು. ಮುದುಕಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಯಾರಿಗೂ ತಿಳಿಯಲಿಲ್ಲ.

ಕತ್ತಲಾಗುವ ಮೊದಲು ಹೆಸರು ಕೂಗಿ ನೋಡಿದರು. ಜನ, ದನ, ಎಲ್ಲವೂ ಮೇಲಿತ್ತು. ಸೇತುವೆ ಮುಚ್ಚಿ ಊರು ನಡುಗಡ್ಡೆಯಾಯಿತು. ಮನೆಗಳು ತೊಯ್ದವು, ಕೆಲವು ಬಿದ್ದವು, ಕಬ್ಬು ಮಲಗಿತು. ಅದೆಲ್ಲ ದುಃಖವೇ. ಆದರೂ ಗುಡಿಯ ಪೌಳಿಯಲ್ಲಿ ಒತ್ತಾಗಿ ಕೂತಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿ ಸಮಾಧಾನದ ಉಸಿರು ಬಿಡುತ್ತಿದ್ದರು. ದನಗಳು ಬಣವೆಯ ಕಣಿಕೆ ಮೆಲ್ಲುತ್ತಿದ್ದವು. ಜಮಖಂಡಿಗೆ ಮರಳಲಾಗದ ಮೃಣ್ಮಯಿಗೆ ಕಾಮಣ್ಣ ತನ್ನ ಕಂಬಳಿ ಕೊಟ್ಟ.

"ನೀವು ನನ್ನ ಒಂದು ಮಾತೂ ಕೇಳದ ಡೊಳ್ಳು ತಗೊಂಡ್ರಿ" ಎಂದಳು ಅವಳು. "ನಂಬಿದ್ರಿ. ನಿಮಗ ಹ್ಯಾಂಗ ಉಪಕಾರ ಹೇಳಬೇಕೋ ನನಗ ತಿಳೀವಲ್ಲದು."

"ನಾ ನಂಬಿದ್ದು ಆ ಹುಡುಗನ್ನ ರೀ ಅಕ್ಕೋರ" ಎಂದ ಕಾಮಣ್ಣ. "ಅಂವಗ ನೋಡಾಕ ಕಲಿಸಿದವರು ನೀವು. ಹಂಗ ನೋಡಿದ್ರ ಉಪಕಾರ ನಾ ಹೇಳಬೇಕು. ನಮ್ಮ ಹುಡುಗೂರು ಡೊಳ್ಳ ಮುಟ್ಟದ ಎಷ್ಟೋ ವರ್ಷ ಆಗಿದ್ವು."

ಮರುದಿನ ಹಗಲು ದೋಣಿಯಲ್ಲಿ ಗಂಟುಗಳು ಬಂದವು. ಬನಹಟ್ಟಿಯಿಂದ ಟೆಂಪೊ ತಂದಿದ್ದ ಅಮೋಲ ಎಂಬ ತರುಣ ನೀರಿನ ಅಂಚಿಗೆ ಅವನ್ನು ಇಳಿಸಿ ಹೋಗಿದ್ದ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹೊಸ ಸೀರೆಗಳು. ಯಾರು ಕೊಟ್ಟರು ಎಂದು ಕೇಳಿದರೆ, "ನಮ್ಮ ನೇಕಾರ ಓಣಿಯವರು. ಎಲ್ಲಾರೂ" ಎಂದಷ್ಟೇ ದೋಣಿಯವರ ಕೈಯಲ್ಲಿ ಹೇಳಿ ಕಳಿಸಿದ್ದ. ರೊಟ್ಟಿ ಇನ್ನೂ ಮೆತ್ತಗಿದ್ದವು.

ನೀರು ಇಳಿಯಿತು. ಶಾಲೆಯ ಕೆಸರನ್ನು ಮಕ್ಕಳೇ ಬಳಿದು ಹೊರಹಾಕಿದರು. ಪಾಠಗಳು ಮತ್ತೆ ಶುರುವಾದ ಮೇಲೊಂದು ದಿನ ಮೃಣ್ಮಯಿ ನಾಗರಿಕರ ಕರ್ತವ್ಯಗಳ ಬಗ್ಗೆ ಹೇಳುತ್ತಿದ್ದಾಗ ಹಾಲೇಶ ಕೇಳಿದ:

"ಅಕ್ಕೋರ, ಆ ರೊಟ್ಟಿ ಕೊಟ್ಟವರ ಮಾರಿ ನಾವು ನೋಡೇ ಇಲ್ಲಲ್ರಿ?"

ಹೀಗಾಗಿ ದಸರೆಯ ರಜೆಗೆ ಮೊದಲು ಒಂದು ಶನಿವಾರ ಅವರೆಲ್ಲ ಬನಹಟ್ಟಿಗೆ ಹೊರಟರು. ಗುರುಬಾಯಿ ಬಾಳೆಲೆಯಲ್ಲಿ ಬೆಣ್ಣೆ ಕಟ್ಟಿಕೊಂಡು, ಯಾರೂ ಕರೆಯದಿದ್ದರೂ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತಿದ್ದಳು. ಮಹಾಲಿಂಗಪುರ ದಾಟಿ ಹೋಗುವವರೆಗೂ ಕಿಟಕಿಯಿಂದ ತಲೆ ಒಳಗೆ ತೆಗೆದುಕೊಳ್ಳಲಿಲ್ಲ.

ದೋಣಿಯವರಿಂದ ನಂಬರು ಪಡೆದು ಮೃಣ್ಮಯಿ ಮೊದಲೇ ಫೋನು ಮಾಡಿದ್ದರಿಂದ ಅಮೋಲ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ನೇಕಾರ ಓಣಿಯಲ್ಲಿ ಮನೆ ಮನೆಯೊಳಗಿನಿಂದಲೂ ಮಗ್ಗದ ಖಟಖಟ. ಮೊದಲ ಮನೆಯ ಹೆಣ್ಣುಮಗಳು ಮಾಲಾ ಮಗ್ಗ ನಿಲ್ಲಿಸಿ ಬಾಗಿಲಿಗೆ ಬಂದಳು. ಇಷ್ಟು ಮಕ್ಕಳು ಯಾಕೆ ಬಂದಿದ್ದಾರೆಂದು ಅವಳಿಗೆ ತಿಳಿಯಲಿಲ್ಲ. ಶೈಲಾ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳನ್ನೆಲ್ಲ ಮರೆತು, "ನಿಮ್ಮ ರೊಟ್ಟಿ ತಿಂದ್ವಿರಿ. ಅದನ್ನ ಹೇಳಾಕ ಬಂದೀವಿ" ಎಂದಳು.

ಮಾಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಯ್ಯ, ಇಷ್ಟಕ್ಕ ಅಷ್ಟ ದೂರದಿಂದ ಬಂದ್ರ್ಯಾ? ನಮಗೇನ ಹೊಳಿ ಗೊತ್ತಿಲ್ಲೇನು? ಕೃಷ್ಣಾ ಬಂದಾಗ ನಮಗೂ ಯಾರೋ ಕಟ್ಟಿ ಕಳಿಸಿದ್ರು. ಅವರ ಮಾರಿ ನಾವೂ ನೋಡಿಲ್ಲ."

ಒಂದೊಂದಾಗಿ ಮಗ್ಗಗಳು ನಿಂತವು. ಹೆಂಗಸರು ಹೊರಗೆ ಬಂದರು. ನೀರು ಬರುವುದನ್ನು ನೀವು ಹೇಗೆ ತಿಳಿದುಕೊಂಡಿರಿ ಎಂದು ಒಬ್ಬಳು ಕೇಳಿದಳು. ಹಾಲೇಶ ಅಲ್ಲೇ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಹೊಳೆ, ಹಳ್ಳ, ಕಂಬ ಬರೆದು ತೋರಿಸತೊಡಗಿದ. ಓಣಿಯ ಹುಡುಗಿಯರು ಸುತ್ತ ಕುಕ್ಕರುಗಾಲಲ್ಲಿ ಕೂತು, ನಮ್ಮ ಕಡೆ ನೀರು ಎಲ್ಲಿಂದ ಬರುತ್ತದೆ ಎಂದು ತಮ್ಮತಮ್ಮಲ್ಲೇ ವಾದಕ್ಕೆ ಬಿದ್ದರು.

ಗುರುಬಾಯಿ ಬೆಣ್ಣೆಯ ಎಲೆಯನ್ನು ಮಾಲಾಳ ಕೈಗಿಟ್ಟಳು. ಮಾಲಾ ಅದನ್ನು ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ನಾಲ್ಕಾರು ಮನೆಗಳಿಂದ ರೊಟ್ಟಿ ಬಡಿಯುವ ಸದ್ದು ಎದ್ದಿತು.

"ಬ್ಯಾಡ್ರಿ, ನಾವು ಉಪಕಾರ ಹೇಳಾಕ ಬಂದವರು, ಮತ್ತ ಊಟಕ್ಕ ಕೂಡಸ್ತೀರಲ್ಲಾ" ಎಂದಳು ಮೃಣ್ಮಯಿ.

"ಸುಮ್ಮನ ಕೂಡ್ರಿ ಅಕ್ಕೋರ" ಎಂದಳು ಮಾಲಾ ಒಳಗಿನಿಂದಲೇ. "ಹುಡುಗೂರು ಹಸದಾವು."

ಮೃಣ್ಮಯಿ ಮಕ್ಕಳ ಸಾಲಿನ ಕೊನೆಯಲ್ಲಿ ಗೋಡೆಗೆ ಒರಗಿ ಕೂತಳು. ಬಿಸಿ ರೊಟ್ಟಿಯ ತಾಟು ಬಂದಾಗ ಎರಡೂ ಕೈ ಚಾಚಿ ತೆಗೆದುಕೊಂಡಳು.